ಹಣ್ಣಾದ ಹುಳುವೂ ನನ್ನ ಬಾಮೈದನೂ

೧೯೯೪ರಲ್ಲಿ, ಏಳನೇ ಕ್ಲಾಸಿನ ಅರ್ಧಕ್ಕೆ, ನಾನು ಶಾಲೆ ಬಿಟ್ಟೆ. ಅಂದಿನಿಂದ ದೊಡ್ಡೇರಿ ಹತ್ತಿರದ ನಮ್ಮೂರಿನಲ್ಲಿ ರೇಷ್ಮೆ ಹುಳು ಸಾಕುತ್ತಿದ್ದೇನೆ. ಹುಳುವಿನ ವಿಷಯದಲ್ಲಿ ನನಗೆ ಪಾಠ ಹೇಳುವವರು ಈ ತಾಲ್ಲೂಕಿನಲ್ಲಿ ಹುಟ್ಟಿಲ್ಲ ಎಂದು ನಂಬಿದ್ದೆ.

ಆದರೆ ನನ್ನ ಹೆಂಡತಿಯ ತಮ್ಮ ಲೋಕೇಶ ಹುಟ್ಟಿಬಿಟ್ಟಿದ್ದ. ಮಧುಗಿರಿಯಲ್ಲಿ ವಿಜ್ಞಾನದ ಮೇಷ್ಟ್ರು. ನನ್ನ ಮಗಳು ಚೈತ್ರ ಓದುವುದೂ ಅವನ ಶಾಲೆಯಲ್ಲೇ. ಸಾರಿಗೆ ಉಪ್ಪು ಸಾಕೇ ಎಂದು ಕೇಳಿದರೂ ‘ಮಾವ ಹೇಳಿದ್ರು’ ಎಂದೇ ಶುರುಮಾಡುತ್ತಾಳೆ. ಒಮ್ಮೆಯಾದರೂ ಆ ಬಾಯಲ್ಲಿ ‘ನಮ್ಮಪ್ಪ ಹೇಳ್ತು’ ಎಂದು ಕೇಳಿಸಿಕೊಳ್ಳಬೇಕು. ನನ್ನ ಹೊಟ್ಟೆಯುರಿಗೆ ಇದ್ದ ಔಷಧಿ ಅದೊಂದೇ.

ಶಾಲೆಯಲ್ಲಿ ವಿಜ್ಞಾನ ಪ್ರದರ್ಶನ ಬಂತು. ಚೈತ್ರಳ ಪಾಲಿಗೆ ಬಂದದ್ದು ಬೆನ್ನುಮೂಳೆ ಇಲ್ಲದ ಪ್ರಾಣಿಗಳು.

“ಮಾವ ಸೀಸೇಲಿ ಏಡಿ, ಎರೆಹುಳ ಎಲ್ಲಾ ಇಟ್ಟವ್ರೆ ಕಣಪ್ಪ. ಏಡಿಗೆ ಒಳಗೆ ಮೂಳೆನೇ ಇಲ್ವಂತೆ, ಚಿಪ್ಪೇ ಆಧಾರವಂತೆ. ಎರೆಹುಳದ ಮೈಯೆಲ್ಲಾ ಬರೀ ಉಂಗುರ ಜೋಡ್ಸಿದಂಗಂತೆ.”

“ಸತ್ತಿರೋವು ತಾನೆ? ನಾನು ಜೀವ ಇರೋ ರೇಷ್ಮೆ ಹುಳ ತತ್ತೀನಿ ಬುಡು. ತಲೆ, ಎದೆ, ಹೊಟ್ಟೆ, ಕಾಲು, ಎಲ್ಲಾ ಮುಟ್ಟಿ ಎಣಿಸ್ಲಿ.”

“ನೀನು ತಂದ್ರೆ ಸಣ್ಣವೇ ಸಾಕಂತೆ. ಮಾವ ಆಗ್ಲೇ ಹೇಳಿದ್ರು.”

ಅಲ್ಲಿಗೆ ನನ್ನ ಬುದ್ಧಿ ಕೆಟ್ಟಿತು. ಸಂಜೆ ಹುಳು ಮನೆಯಲ್ಲಿ ಎಲ್ಲಕ್ಕಿಂತ ದಪ್ಪನೆಯ ಹನ್ನೆರಡು ಹುಳು ಆರಿಸಿದೆ.

“ಅವು ಹಣ್ಣಾಗವೆ ಕಣ್ರೀ,” ಎಂದಳು ಹೆಂಡತಿ. “ಮೈ ಹೆಂಗೆ ಹೊಳೀತೈತೆ ನೋಡ್ರಿ.”

ಹಣ್ಣಾದ ಹುಳು ಸೊಪ್ಪು ಬಿಟ್ಟು ಗೂಡು ಕಟ್ಟಲು ಕೂರುತ್ತದೆ. ನಮ್ಮೂರಿನ ಕೂಸಿಗೂ ಗೊತ್ತಿರುವ ಸಂಗತಿ.

“ಹುಳದ ವಿಷ್ಯ ನಂಗೇಳ್ಬೇಡ. ನಿನ್ ತಮ್ಮಂಗೇಳೋಗು,” ಎಂದೆ. ಬಸ್ಸಿನಲ್ಲಿ ಹುಳುಗಳು ಒಂದರ ಮೇಲೊಂದು ಬೀಳದಿರಲೆಂದು ಡಬ್ಬದೊಳಗೆ ಒಣಕಡ್ಡಿಗಳನ್ನೂ ಜೋಡಿಸಿದೆ. ಗೂಡು ಕಟ್ಟುವುದಕ್ಕೆ ಅದಕ್ಕಿಂತ ಅನುಕೂಲ ಯಾರೂ ಮಾಡಿಕೊಡಲಾರರು.

ಬೆಳಿಗ್ಗೆ ಇಸ್ತ್ರಿ ಶರ್ಟು ತೊಟ್ಟು ಶಾಲೆಯ ಹಾಲ್‌ನ ನಡುವೆ ನಿಂತೆ. “ನೋಡ್ರಪ್ಪ,” ಎಂದು ಮುಚ್ಚಳ ತೆಗೆದೆ.

ಬಿಳೀ ಗೂಡುಗಳು. ಕಾಲಿಲ್ಲ, ತಲೆಯಿಲ್ಲ.

“ಹುಳ ಎಲ್ಲಿ ಅಂಕಲ್?”

“ಒಳಗವೆ.”

“ಯಾವಾಗ ಬತ್ತವೆ?”

“ಹತ್ತು ಹನ್ನೆರಡು ದಿನ ಆಯ್ತದೆ. ಆಮೇಲೂ ಹುಳ ಬರಾಕಿಲ್ಲ, ಚಿಟ್ಟೆ ಬತ್ತದೆ.”

ಹಾಲ್ ನಕ್ಕಿತು. ಚೈತ್ರ ತಲೆ ತಗ್ಗಿಸಿದಳು. ಅಷ್ಟರಲ್ಲಿ ಲೋಕೇಶ ಬೀರುವಿನಿಂದ ಒಂದು ಸೀಸೆ ತಂದು ಅವಳ ಕೈಗಿಟ್ಟ. ಒಳಗೆ ಪುಷ್ಟವಾದ ರೇಷ್ಮೆ ಹುಳು. ಅವಳು ಎದೆಯ ಆರು ಕಾಲು ತೋರಿಸಿದಳು, ಪಕ್ಕೆಯಲ್ಲಿ ಉಸಿರಾಡುವ ತೂತು ತೋರಿಸಿದಳು. ಚಪ್ಪಾಳೆ ಬಿತ್ತು.

“ಎಲ್ಲಿ ಸಿಕ್ತಪ್ಪ ಇಂಥ ಹುಳ?” ಎಂದೆ. ನನ್ನ ಕಸುಬಿನವನೇ ಯಾವನೋ ನನ್ನನ್ನು ಮೀರಿಸಿದ್ದಾನೆಂದು ಹೊಸದಾಗಿ ಉರಿ ಹತ್ತಿಕೊಂಡಿತ್ತು.

“ನಿಮ್ಮನೇದೇ ಭಾವ. ಹೋದ ಬೆಳೇಲಿ ಅಕ್ಕ ಕೊಟ್ಟಿತ್ತು.”

ವಾಪಸು ಬರುವಾಗ ಬಸ್ಸಿನಲ್ಲಿ ಚೈತ್ರ ಹೇಳಿದಳು, “ಅಪ್ಪ, ನಿನ್ ಗೂಡು ಚೆನ್ನಾಗವಂತೆ. ಮಾವ ಹೇಳಿದ್ರು.”

ಈಗ ನನ್ನ ಬಳಿ ಇರುವುದು ಇಷ್ಟು: ಒಂದು ಹುಳು ಮನೆ, ಒಬ್ಬಳು ಹೆಂಡತಿ, ಒಬ್ಬಳು ಮಗಳು, ಹನ್ನೊಂದು ಗೂಡು. ಹನ್ನೆರಡನೆಯದನ್ನು ಬಾಮೈದ ತನ್ನ ಬೀರುವಿಗೆ ಇಸ್ಕೊಂಡ.