ಕೆಮ್ಮಬಾರದ ಮನೆ

ನಮ್ಮ ಸೋದರಮಾವನನ್ನು ನೀವು ನೋಡಿಲ್ಲ ತಾನೇ? ಪುಣ್ಯವಂತರು! ಕಂಬಂ ಊರಿನ ದ್ರಾಕ್ಷಿ ತೋಟದಲ್ಲಿದ್ದ ಅವನ ಮನೆಯಲ್ಲಿ ನಾನು, ಅವ್ವ ಕೆಮ್ಮುವುದಕ್ಕೂ ಅಪ್ಪಣೆ ಕೇಳಬೇಕಿತ್ತು.

ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುತ್ತಿದ್ದ ಈ ಬ್ರಹ್ಮಚಾರಿಗೆ ತೊಂಬತ್ತರ ದಶಕದ ಕೊನೆಯಲ್ಲಿ ಹುಚ್ಚೊಂದು ಹಿಡಿಯಿತು. ಆಸಿಡ್ ನೀರಿನಲ್ಲಿಟ್ಟ ಪ್ಲಾಟಿನಂ ತಗಡಿಗೆ ಕರೆಂಟು ಕೊಟ್ಟರೆ ಜಲಜನಕದ ಗುಳ್ಳೆ ಏಳುತ್ತದೆ. ಆದರೆ ತಗಡೆಲ್ಲ ಒಂದೇ ಸಮ ದುಡಿಯುವುದಿಲ್ಲವಂತೆ! ದುಡಿಯುವ ಜಾಗ ಯಾವುದು, ಸೋಮಾರಿ ಜಾಗ ಯಾವುದು ಎಂದು ಅಣು ಅಣುವಾಗಿ ತಡವಿ ನೋಡಲು ಒಂದು ಸೂಜಿಯ ಸೂಕ್ಷ್ಮದರ್ಶಕವನ್ನು ತಾನೇ ಕಟ್ಟಿದ. ನಮ್ಮ ಮನೆಯಲ್ಲಿ ದುಡಿಯುವವಳು ಅವ್ವ, ಸೋಮಾರಿ ಇವನು ಎಂದು ತಿಳಿಯಲು ಯಾವ ಸೂಜಿ ಬೇಕಿತ್ತು, ಹೇಳಿ!

ಸೂಜಿಯ ತುದಿ ಬಿಟ್ಟು ಬೇರೆಲ್ಲೂ ನೀರು ತಾಗಬಾರದೆಂದು ಅದಕ್ಕೆ ನನ್ನ ಹೊಸ ನೇಲ್ ಪಾಲಿಶ್ ಬಳಿದ. ಜಗಳಕ್ಕೆ ಹೋದರೆ, "ನಿನ್ ಕೈಬೆಟ್ಟಿಗಿಂತ ಇದ್ಕೇ ಶೋಕಾಗದೆ, ನೋಡು!" ಎಂದ.

ಸೂಜಿ ತಗಡಿಗೆ ತಾಗಬಾರದು, ದೂರವೂ ಹೋಗಬಾರದು. ಆದ್ದರಿಂದ ಮನೆ ಅಲುಗಬಾರದು! ಯಂತ್ರವನ್ನು ಸೈಕಲ್ ಟ್ಯೂಬುಗಳಿಂದ ತೊಲೆಗೆ ತೂಗುಹಾಕಿದ. ಪಂಪ್‌ಸೆಟ್ ನಿಂತಿತು. ಗ್ರೈಂಡರ್ ನಿಂತಿತು, ಜೊತೆಗೆ ಇಡ್ಲಿಯೂ. ಆಮೇಲೆ ಬಂತು ಉಬ್ಬಸದ ಅವ್ವನ ಸರದಿ. ಸೂಜಿಯ ಓಟ ಕಾಗದದ ಮೇಲೆ ಗೀಟಾಗಿ ಮೂಡುತ್ತಿತ್ತು.

"ಅಕ್ಕಾ, ಕೆಮ್ಮಬ್ಯಾಡ! ಗೀಟು ನೆಗೀತದೆ!"

"ಆಗ್ಲಿ ತಂಬಿ," ಎಂದು ಅವಳು ಬಾಯಿಗೆ ಸೆರಗು ತುರುಕಿಕೊಂಡು ಹಿತ್ತಲಿಗೆ ಓಡುತ್ತಿದ್ದಳು. ಒಂದು ದಿನ ಹಾಗೆ ತಡೆದೂ ತಡೆದೂ ತೆಂಗಿನ ಬುಡದಲ್ಲಿ ಕುಸಿದೇಬಿಟ್ಟಳು. ನನಗೆ ಮೈಯೆಲ್ಲ ಉರಿದುಹೋಯಿತು.

"ನಿನ್ ತಗ್ಡು ಗುಳ್ಳೆ ಬಿಟ್ರೆ ಸಾಕಾ ಮಾವ? ಅವ್ವ ಉಸ್ರು ಬಿಡಬ್ಯಾಡ್ವಾ?"

ದಿಂಡಿಗಲ್‌ನಲ್ಲಿ ಟೀಚರ್ ಕೆಲಸಕ್ಕೆ ಸೇರಬೇಕಿದ್ದ ನಾನು ಅದೇ ವಾರ ಅವ್ವನನ್ನೂ ಕರೆದುಕೊಂಡು ಹೊರಟೆ. ರೈಲು ಜಂಕ್ಷನ್ ಪಕ್ಕದ ಮನೆ, ಎದುರಿಗೆ ಬೀಗ ಮಾಡುವವರ ಸುತ್ತಿಗೆ. ಯಾರು ಬೇಕಾದರೂ ಎಷ್ಟು ಬೇಕಾದರೂ ಕೆಮ್ಮಬಹುದು!

ಕೆಲವೇ ದಿನಕ್ಕೆ ಬಾಗಿಲಲ್ಲಿ ಮಾವ! ಕಂಕುಳಲ್ಲಿ ಯಂತ್ರ, ಕೊರಳಲ್ಲಿ ಸೈಕಲ್ ಟ್ಯೂಬು. ನನ್ನ ಸಿಟ್ಟು ಇನ್ನೂ ಆರಿರಲಿಲ್ಲ.

"ಅಲ್ಲೀಗ ಕೆಮ್ಮೋರಿಲ್ವಲ್ಲ, ಗೀಟು ನೆಟ್ಟಗೆ ಬರ್ತಿಲ್ವಾ?"

"ಇಲ್ಲ, ಇನ್ನೂ ನೆಗೀತದೆ."

"ಇಲ್ಲಿ ರೈಲು ಬಂದ್ರೆ ಪಾತ್ರೆ ಕುಣೀತವೆ. ನಿನ್ ಸೂಜಿ ಒಂದ್ ಗಳಿಗೆ ನಿಲ್ಲಾಕಿಲ್ಲ, ಓಗು!"

ಒಳಗೆ ಕೆಮ್ಮುತ್ತಿದ್ದ ಅವ್ವನಿಗೆ ಅವನ ದನಿ ಕೇಳಿಸಿರಬೇಕು. ಕೆಮ್ಮು ತಟ್ಟನೆ ನಿಂತಿತು. ಬಾಯಲ್ಲಿ ಮತ್ತೆ ಸೆರಗು!

ಮಾವ ಯಂತ್ರವನ್ನು ನೆಲದ ಮೇಲಿಟ್ಟ.

"ಅಲ್ಲಿ ಮನೆ ಅಲುಗ್ನೇ ಇಲ್ಲ ಕಣಮ್ಮ. ನನ್ ಕೈಯೇ ನಡುಗ್ತು," ಎಂದವನು ಕಣ್ಣೊರೆಸಿಕೊಂಡು ಒಳಕ್ಕೆ ಕೂಗಿದ: "ತಡೀಬ್ಯಾಡಕ್ಕಾ! ಜೋರಾಗೇ ಕೆಮ್ಮು!"