ನಾನು ಸರ್ಟಿಫಿಕೇಟು ಕೊಟ್ಟ ಬಸ್ ಕಾರ್ಡು

ಬರೆದುಕೊಡುವ ಚಟ ನಮ್ಮ ಮನೆತನದಲ್ಲೇ ಇದೆ. ಮುಳಬಾಗಿಲಿನಲ್ಲಿದ್ದ ನಮ್ಮಜ್ಜ ಊರವರಿಗೆಲ್ಲ ಅರ್ಜಿ, ಲಗ್ನಪತ್ರಿಕೆ, ಜಾತಕ, ಕೊನೆಗೆ ಗಂಡ ಹೆಂಡಿರ ರಾಜಿಪತ್ರವನ್ನೂ ಬರೆದುಕೊಡುತ್ತಿದ್ದರಂತೆ. ಅವರು ಗೊತ್ತಿದ್ದನ್ನು ಮಾತ್ರ ಬರೆದುಕೊಡುತ್ತಿದ್ದರು. ಆ ಕಟ್ಟುಪಾಡು ನನ್ನ ತಲೆಮಾರಿಗೆ ಬರುವಷ್ಟರಲ್ಲಿ ಸಡಿಲವಾಗಿತ್ತು. ಸಾಲದ್ದಕ್ಕೆ ನಾನು ಕೋಲಾರದ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಷ್ಟ್ರು. ವಿಜ್ಞಾನ ಕಲಿಸುವವರಿಗೆ ಯಾವ ಯಂತ್ರ ಕಂಡರೂ ‘ಇದು ನನಗೆ ಗೊತ್ತು’ ಅನಿಸುವ ಒಂದು ಕಾಯಿಲೆ ಇರುತ್ತದೆ. ನಮ್ಮ ಮನೆಯ ಮಿಕ್ಸಿಯನ್ನು ನಾನು ರಿಪೇರಿ ಮಾಡಿದ ಮೇಲೆ ನನ್ನ ಹೆಂಡತಿ ಸರೋಜ ಆರು ತಿಂಗಳು ಒರಳುಕಲ್ಲಿನಲ್ಲೇ ಚಟ್ನಿ ರುಬ್ಬಿದಳು. ಅಷ್ಟಾದರೂ ನನಗೆ ಬುದ್ಧಿ ಬರಲಿಲ್ಲವೆನ್ನುವುದಕ್ಕೆ ಈ ಬಸ್ ಕಾರ್ಡಿನ ಕಥೆಯೇ ಸಾಕ್ಷಿ.

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿತ್ತು. ನಮ್ಮ ಮನೆ ಶ್ರೀನಿವಾಸಪುರದಲ್ಲಿ, ಶಾಲೆ ಕೋಲಾರದಲ್ಲಿ. ಗೌನಿಪಲ್ಲಿಯಿಂದ ಹೊರಟು ನಮ್ಮೂರಿನ ಮೇಲೆ ಕೋಲಾರಕ್ಕೆ ಹೋಗುವ ಒಂದು ಪ್ರೈವೇಟ್ ಬಸ್ಸಿನಲ್ಲಿ ನಾನು ಹದಿನೈದು ವರ್ಷ ಓಡಾಡಿದ್ದೆ. ಅದರ ಕಂಡಕ್ಟರ್ ಪಿಳ್ಳಪ್ಪ. ಆತನಿಗೆ ಇಡೀ ದಾರಿಯ ಮುಖಗಳೆಲ್ಲ ಬಾಯಿಪಾಠ. ಯಾರ ಬಳಿ ತಿಂಗಳ ಪಾಸಿದೆ, ಯಾರದು ನಿನ್ನೆಗೆ ಮುಗಿಯಿತು, ಯಾರು ಅಣ್ಣನ ಪಾಸು ಹಿಡಿದುಕೊಂಡು ಬಂದಿದ್ದಾರೆ, ಎಲ್ಲವನ್ನೂ ಮುಖ ನೋಡಿಯೇ ಹೇಳುತ್ತಿದ್ದ. ನನ್ನ ಪಾಸನ್ನಂತೂ ಆತ ಕಣ್ಣಿನಿಂದ ನೋಡಿಯೇ ಇರಲಿಲ್ಲ. ‘ಬನ್ನಿ ಮೇಷ್ಟ್ರೇ, ಕಿಟಕಿ ಸೀಟೈತೆ’ ಎನ್ನುತ್ತಿದ್ದ, ಅಷ್ಟೇ.

ಬಸ್ಸಿನ ಮಾಲೀಕರು ರೆಡ್ಡಿಗಳು. ಊರಿನಲ್ಲಿ ಅವರಿಗೆ ಮಾವಿನ ಮಂಡಿಯೂ ಇತ್ತು. ಒಂದು ದಿನ ಬೆಂಗಳೂರಿನ ಯಾರೋ ಒಬ್ಬ ವ್ಯಾಪಾರಿಯ ಮಾತಿಗೆ ಮರುಳಾಗಿ ಅವರು ಒಂದು ಕಾರ್ಡು ಮಿಷನ್ ತಂದು ಬಸ್ಸಿನ ಮುಂಬಾಗಿಲಿಗೆ ಜಡಿಸಿದರು. ಪಾಸಿನವರಿಗೆಲ್ಲ ಒಂದೊಂದು ಸ್ಮಾರ್ಟ್ ಕಾರ್ಡು. ಅದನ್ನು ಮಿಷನ್ನಿಗೆ ತೋರಿಸಿದರೆ ಹಸಿರು ದೀಪ ಹತ್ತಿ ‘ಟಿಣ್’ ಎನ್ನಬೇಕು. ಟಿಣ್ ಎಂದರೆ ಒಳಗೆ, ಇಲ್ಲವಾದರೆ ಹೊರಗೆ. ರೆಡ್ಡಿಗಳು ನನ್ನನ್ನು ಮಂಡಿಗೆ ಕರೆಸಿ, ಒಂದು ಬಾದಾಮಿ ಮಾವಿನಹಣ್ಣು ಕೊಯ್ದು ಮುಂದಿಟ್ಟು, ‘ಏಮಿ ಮೇಷ್ಟ್ರೇ, ನೀವು ಸೈನ್ಸು ಓದಿದೋರು. ಇದನ್ನ ಯಾರಾನ ಏಮಾರಿಸಕ್ಕೆ ಆಯ್ತದಾ ನೋಡಿ ಹೇಳಿ’ ಎಂದರು. ಹಣ್ಣು ಬಹಳ ಸಿಹಿಯಾಗಿತ್ತು. ನಾನು ಎರಡು ದಿನ ಶಾಸ್ತ್ರೋಕ್ತವಾಗಿ ಪರೀಕ್ಷೆ ಮಾಡಿದೆ. ಕಾರ್ಡನ್ನು ನೀರಿನಲ್ಲಿ ನೆನೆಸಿದೆ, ಬಿಸಿಲಿನಲ್ಲಿಟ್ಟೆ, ಶಾಲೆಯ ಅಯಸ್ಕಾಂತದಿಂದ ಉಜ್ಜಿದೆ. ಮಿಷನ್ನಿಗೆ ರೇಷನ್ ಕಾರ್ಡು ತೋರಿಸಿದೆ, ಸರೋಜಳ ಬಾಚಣಿಗೆಯನ್ನೂ ತೋರಿಸಿದೆ. ಮಿಷನ್ ಎಲ್ಲದಕ್ಕೂ ಕೆಂಪು ದೀಪ ತೋರಿಸಿ, ಕಾರ್ಡಿಗೆ ಮಾತ್ರ ಟಿಣ್ ಎಂದಿತು. ನನಗೆ ರೋಮಾಂಚನವಾಯಿತು. ‘ಈ ಯಂತ್ರವನ್ನು ಯಾರೂ ಯಾವ ರೀತಿಯಲ್ಲೂ ವಂಚಿಸಲು ಸಾಧ್ಯವಿಲ್ಲವೆಂದು ಪರೀಕ್ಷಿಸಿ ದೃಢೀಕರಿಸಿದ್ದೇನೆ’ ಎಂದು ದುಂಡಗಿನ ಅಕ್ಷರದಲ್ಲಿ ಬರೆದು, ರುಜು ಹಾಕಿ, ಕೆಳಗೆ ಡಿಗ್ರಿಯನ್ನೂ ಸೇರಿಸಿ ಕೊಟ್ಟೆ. ರೆಡ್ಡಿಗಳು ಅದನ್ನು ಬಸ್ಸಿನ ಮುಂದಿನ ಗಾಜಿಗೆ, ದೇವರ ಪಟದ ಪಕ್ಕದಲ್ಲೇ, ಅಂಟಿಸಿದರು. ಬಸ್ಸು ಹತ್ತುವಾಗಲೆಲ್ಲ ನಾನು ದೇವರಿಗಿಂತ ಮೊದಲು ಅದನ್ನೇ ನೋಡುತ್ತಿದ್ದೆ.

ಆ ಕಾಗದಕ್ಕೆ ಇನ್ನೊಂದು ಉಪಯೋಗವಿದೆಯೆಂದು ನನಗೆ ಆಮೇಲೆ ತಿಳಿಯಿತು. ‘ಮಿಷನ್ನೇ ಎಲ್ಲ ನೋಡ್ಕೊಂಡ್ರೆ ಕಂಡಕ್ಟರ್ ಯಾಕೆ? ಮಿಕ್ಕೋರಿಗೆ ಡ್ರೈವರೇ ಟಿಕೆಟ್ ಹರೀತಾನೆ’ ಎಂದು ರೆಡ್ಡಿಗಳು ಲೆಕ್ಕ ಹಾಕಿದ್ದರು. ತಿಂಗಳ ಕೊನೆಯ ಶನಿವಾರಕ್ಕೆ ಪಿಳ್ಳಪ್ಪನ ಬಸ್ಸಿನ ಕೆಲಸ ಮುಗಿಯುತ್ತದೆ. ಸೋಮವಾರದಿಂದ ಮಂಡಿಯಲ್ಲಿ ಮಾವಿನ ಕ್ರೇಟು ಎತ್ತಿಸುವ ಕೆಲಸ. ‘ನಂಗೆ ಓಡೋ ಬಸ್ಸಾಗೆ ನಿಂತು ಅಭ್ಯಾಸ ಸಾರ್’ ಎಂದ ಪಿಳ್ಳಪ್ಪ. ‘ನಿಂತ ಜಾಗದಾಗೇ ನಿಂತ್ರೆ ಕಾಲು ನೋಯ್ತದೆ.’ ನನ್ನ ಬಗ್ಗೆ ಒಂದು ಮಾತು ಆಡಲಿಲ್ಲ. ವಿಜ್ಞಾನ ಮುಂದುವರಿಯುವಾಗ ಇಂಥದ್ದೆಲ್ಲ ಆಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆನಾದರೂ, ಅಂದು ಕಿಟಕಿ ಸೀಟಿನಲ್ಲಿ ನನಗೆ ನಿದ್ದೆ ಹತ್ತಲಿಲ್ಲ.

ಅಷ್ಟರಲ್ಲಿ ಮಿಷನ್ ತನ್ನ ಗುಣ ತೋರಿಸತೊಡಗಿತ್ತು. ರಸ್ತೆಯ ಉಬ್ಬು ಬಂದಾಗಲೆಲ್ಲ ತಾನಾಗಿಯೇ ಟಿಣ್ ಎನ್ನುತ್ತಿತ್ತು. ಯಾವನೋ ಕಾಣದ ಪ್ರಯಾಣಿಕ ಹತ್ತಿದನೆಂದು ಡ್ರೈವರ್ ಒಂದೆರಡು ಸಲ ಬಸ್ಸು ನಿಲ್ಲಿಸಿದ್ದೂ ಉಂಟು. ನಮ್ಮ ಶಾಲೆಯ ಡ್ರಾಯಿಂಗ್ ಮೇಷ್ಟ್ರು ಕಾರ್ಡು ತೋರಿಸಿ ಒಳಗೆ ಬಂದು, ಅದನ್ನೇ ಕಿಟಕಿಯಿಂದ ತಮ್ಮ ಭಾವಮೈದುನನಿಗೆ ದಾಟಿಸುವುದನ್ನು ನಾನೇ ಕಣ್ಣಾರೆ ಕಂಡೆ. ಭಾವಮೈದುನನಿಗೂ ಟಿಣ್. ನಾನು ಕಾರ್ಡನ್ನು ನೀರಿನಿಂದಲೂ ಅಯಸ್ಕಾಂತದಿಂದಲೂ ಪರೀಕ್ಷಿಸಿದ್ದೆನೇ ಹೊರತು ಭಾವಮೈದುನನಿಂದ ಪರೀಕ್ಷಿಸಿರಲಿಲ್ಲ. ಇವೆಲ್ಲ ಸಣ್ಣ ವಿಷಯ, ಸರ್ಟಿಫಿಕೇಟು ಮುಟ್ಟುವಂಥದ್ದಲ್ಲ ಎಂದುಕೊಂಡೆ.

ಆಮೇಲೆ ಒಂದು ಬೆಳಿಗ್ಗೆ ದಾರಿಯಲ್ಲಿ ಹುಣಸೆಮರದ ಗೇಟು ಎಂಬ ಸ್ಟಾಪಿನಲ್ಲಿ ಅಕ್ಕಯ್ಯಮ್ಮ ಹತ್ತಿದಳು. ಎರಡು ಹಸು ಸಾಕಿಕೊಂಡು ಊರಿನ ಡೈರಿಗೆ ಹಾಲು ಹಾಕುವ ಹೆಂಗಸು. ಯಾವಾಗಲೂ ಟಿಕೆಟ್ ತೆಗೆದುಕೊಳ್ಳುತ್ತಿದ್ದವಳು ಅವತ್ತು ಸೆರಗಿನ ಗಂಟು ಬಿಚ್ಚಿ ಒಂದು ಕಾರ್ಡು ತೆಗೆದು ಮಿಷನ್ನಿಗೆ ಹಿಡಿದಳು. ಟಿಣ್! ಹಸಿರು ದೀಪ. ಅವಳು ನನ್ನ ಪಕ್ಕದಲ್ಲಿ ಕೂತಾಗ ಕಾರ್ಡನ್ನು ಇಸಿದುಕೊಂಡು ನೋಡಿದೆ. ಅದರ ಮೇಲೆ ಹಸುವಿನ ಚಿತ್ರವಿತ್ತು.

‘ಇದು ಡೈರಿಯ ಕಾರ್ಡಲ್ಲವೇನಮ್ಮಾ?’ ಎಂದೆ.

‘ಊಂ ಸಾ, ಡೈರಿದೇ. ಹೋದ ತಿಂಗ್ಳು ಕೊಟ್ರು. ಅಲ್ಲೂ ಟಿಣ್ ಅಂತದೆ, ಇಲ್ಲೂ ಟಿಣ್ ಅಂತದೆ. ಎಲ್ಲಾ ಒಂದೇ ಮಾಡವ್ರೆ, ಬಲೇ ಅನುಕೂಲ ಆಯ್ತು ನೋಡಿ’ ಎಂದಳು. ಅವಳ ಮುಖದಲ್ಲಿ ಕಳ್ಳತನದ ಸುಳಿವೇ ಇರಲಿಲ್ಲ. ಹಾಲು ಹಾಕುವವರಿಗೆ ಬಸ್ಸೂ ಸೇರಿಯೇ ಇದೆಯೆಂದು ಅವಳು ನಂಬಿದ್ದಳು. ನಾನು ಪಿಳ್ಳಪ್ಪನ ಕಡೆ ನೋಡಿದೆ. ಟಿಣ್ ಎಂದವರನ್ನು ಕೇಳಬಾರದೆಂದು ಅವನಿಗೆ ರೆಡ್ಡಿಗಳ ಅಪ್ಪಣೆಯಾಗಿತ್ತು. ಅವನು ಕಿಟಕಿಯಾಚೆಯ ಮಾವಿನ ತೋಪನ್ನು ಬಹಳ ಶ್ರದ್ಧೆಯಿಂದ ನೋಡುತ್ತಿದ್ದ. ವಾರ ಕಳೆಯುವುದರೊಳಗೆ ಹುಣಸೆಮರದ ಗೇಟಿನ ಅರ್ಧ ಊರು ಹಸುಗಳ ಪುಣ್ಯದಿಂದ ಕೋಲಾರಕ್ಕೆ ಹೋಗಿ ಬರತೊಡಗಿತು.

ಭಾನುವಾರ ನಾನು ಸರೋಜಳಿಗೆ ಹುಣಸೆಹಣ್ಣು ತರುತ್ತೇನೆಂದು ಸುಳ್ಳು ಹೇಳಿ ಆ ಊರಿನ ಡೈರಿಗೆ ಹೋದೆ. ಸಾಲಿನಲ್ಲಿ ಎಲ್ಲರ ಕೈಯಲ್ಲೂ ಹಾಲಿನ ಕ್ಯಾನು, ನನ್ನ ಕೈಯಲ್ಲಿ ಬಸ್ಸಿನ ಕಾರ್ಡು. ನನ್ನ ಸರದಿ ಬಂದಾಗ ಅದನ್ನು ಅಲ್ಲಿನ ಮಿಷನ್ನಿಗೆ ಹಿಡಿದೆ. ಟಿಣ್! ಪರದೆಯ ಮೇಲೆ ಹೆಸರು ಬಂತು: ಲಕ್ಷ್ಮೀದೇವಮ್ಮ. ಡೈರಿಯ ಸೆಕ್ರೆಟರಿ ಪರದೆಯನ್ನೊಮ್ಮೆ, ನನ್ನ ಮೀಸೆಯನ್ನೊಮ್ಮೆ ನೋಡಿ, ‘ಹಾಲೆಲ್ಲಿ?’ ಎಂದ. ಇವತ್ತು ತಂದಿಲ್ಲ ಎಂದು ಹೇಳಿ ಹೊರಗೆ ಬಂದೆ. ಆ ಮಿಷನ್ನಿನ ಮೇಲೂ ಬೆಂಗಳೂರಿನ ಅದೇ ವ್ಯಾಪಾರಿಯ ಚೀಟಿಯಿತ್ತು; ಎರಡು ಕಡೆಗೂ ಮಾರಿದವನು ಒಬ್ಬನೇ. ಎರಡು ಕಡೆಯ ಕಾರ್ಡಿನಲ್ಲೂ ಒಂದು, ಎರಡು, ಮೂರು ಎಂದು ಅವವೇ ನಂಬರು ತುಂಬಿಸಿದ್ದ. ಮಿಷನ್ನಿಗೆ ನಂಬರು ಸಿಕ್ಕರೆ ಸಾಕು. ಅದು ಮೇಷ್ಟ್ರದೋ ಹಸುವಿನದೋ ಎಂದು ಅದು ಕೇಳುವುದೇ ಇಲ್ಲ.

ಇಷ್ಟು ತಿಳಿದ ಮೇಲೆ ನೆಟ್ಟಗೆ ಮಂಡಿಗೆ ಹೋಗಿ ಹೇಳಬೇಕಿತ್ತು. ಹೋಗಲಿಲ್ಲ. ನಾಚಿಕೆಯಿಲ್ಲದೆ ಒಪ್ಪಿಕೊಳ್ಳುತ್ತೇನೆ, ಐದು ದಿನ ಸುಮ್ಮನಿದ್ದೆ. ಗಾಜಿನ ಮೇಲಿನ ನನ್ನ ರುಜು ನನ್ನನ್ನು ತಡೆಯಿತು. ಸರೋಜಳಿಗೆ ಹೇಳಿದಾಗ ಅವಳು ಒರಳುಕಲ್ಲಿನಿಂದ ತಲೆಯೆತ್ತದೆಯೇ, ‘ಮಿಕ್ಸಿ ಹಾಳಾದರೆ ನಾನು ಕೈಯಲ್ಲಿ ರುಬ್ಬಿಕೊಂಡೆ. ಪಿಳ್ಳಪ್ಪ ಏನು ಮಾಡಬೇಕು?’ ಎಂದಳು.

ಶುಕ್ರವಾರ ಸಂಜೆ ಬಸ್ಸು ಖಾಲಿಯಿತ್ತು. ಪಿಳ್ಳಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದೆ: ‘ಡೈರಿ ಕಾರ್ಡಿನ ವಿಷಯ ನಿಮಗೆ ಗೊತ್ತಿತ್ತಾ?’

‘ಮೊದಲ್ನೇ ದಿವ್ಸಾನೇ ಗೊತ್ತು ಸಾರ್. ಅಕ್ಕಯ್ಯಮ್ಮ ಪಾಸಿನೋಳಲ್ಲ ಅಂತ ಅವಳ ಮುಖ ನೋಡಿದ್ರೆ ಗೊತ್ತಾಗಲ್ವಾ?’

‘ಮತ್ತೆ ಓನರಿಗೆ ಹೇಳಬಾರದಿತ್ತೇ? ನಿಮ್ಮ ಕೆಲಸ ಉಳೀತಿತ್ತಲ್ಲ?’

ಪಿಳ್ಳಪ್ಪ ಗಾಜಿನ ಕಡೆ ಕೈ ತೋರಿಸಿದ. ‘ನೀವು ಕೈಯಾರೆ ಬರ್ಕೊಟ್ಟಿದ್ದೀರಿ. ನನ್ ಮಗಳು ನಿಮ್ಮ ತಾವೇ ಓದಿ ಪಾಸಾದೋಳು. ಇಷ್ಟು ಜನದ ಮುಂದೆ ಮೇಷ್ಟ್ರು ಬರೆದಿದ್ದು ತಪ್ಪು ಅಂತ ನಾನೆಂಗನ್ಲಿ ಸಾರ್? ನಂದೇನು, ಕ್ರೇಟು ಎತ್ತಿಸ್ತೀನಿ ಬಿಡಿ.’

ಕೆಲಸ ಕಳೆದುಕೊಳ್ಳುವವನು ನನ್ನ ಮಾನ ಕಾಯುತ್ತಿದ್ದ. ನಾನೂ ನನ್ನ ಮಾನವನ್ನೇ ಕಾಯುತ್ತಿದ್ದೆ. ಅವನ ಕೆಲಸವನ್ನು ಕಾಯುವವರು ಯಾರೂ ಇರಲಿಲ್ಲ.

ಮರುದಿನವೇ ಪಿಳ್ಳಪ್ಪನ ಕೊನೆಯ ಶನಿವಾರ. ಬೆಳಿಗ್ಗೆ ಮೊದಲ ಟ್ರಿಪ್ಪಿನಲ್ಲೇ ರೆಡ್ಡಿಗಳನ್ನು ಬಸ್ಸಿಗೆ ಕರೆದುಕೊಂಡು ಬಂದು ಹುಣಸೆಮರದ ಗೇಟಿನವರೆಗೆ ಕೂರಿಸಿದೆ. ಅಲ್ಲಿ ಅಕ್ಕಯ್ಯಮ್ಮನೂ ಅವಳ ಹಿಂದೆ ಏಳು ಜನ ಹೆಂಗಸರೂ ಹತ್ತಿದರು. ಟಿಣ್, ಟಿಣ್, ಟಿಣ್. ರೆಡ್ಡಿಗಳು ಒಂದೊಂದೇ ಕಾರ್ಡು ಇಸಿದುಕೊಂಡು ಹಸುವಿನ ಚಿತ್ರ ನೋಡಿದರು. ಸಿಟ್ಟಾಗುತ್ತಾರೆಂದುಕೊಂಡೆ. ಅವರು ಹೊಟ್ಟೆ ಅಲುಗುವಂತೆ ನಗತೊಡಗಿದರು. ‘ಅಯ್ಯಯ್ಯೋ, ಎರಡು ವಾರದಿಂದ ನನ್ ಬಸ್ಸಾಗೆ ಹಸುಗಳು ಓಡಾಡ್ತಾ ಅವೆ ಕಣಯ್ಯಾ! ಲೇ ಪಿಳ್ಳಪ್ಪ, ಟಿಕೆಟ್ ಬ್ಯಾಗು ನಿನ್ ತಾವೇ ಇರ್ಲಿ ಕಣೋ!’ ಎಂದರು. ಹೆಂಗಸರಿಗೆ ಯಾರೂ ಏನೂ ಅನ್ನಲಿಲ್ಲ. ಅಕ್ಕಯ್ಯಮ್ಮ ಮಾತ್ರ, ಇಷ್ಟು ಅನುಕೂಲವಾದದ್ದನ್ನು ಯಾಕೆ ಕೆಡಿಸಿದಿರಿ ಎನ್ನುವಂತೆ ನನ್ನನ್ನು ದುರುಗುಟ್ಟಿ ನೋಡಿ ಟಿಕೆಟ್ ತೆಗೆದುಕೊಂಡಳು.

ಮಿಷನ್ ಬಿಚ್ಚಿ ಮಂಡಿಯ ಅಟ್ಟ ಸೇರಿತು. ಸರ್ಟಿಫಿಕೇಟನ್ನು ಹರಿದು ಹಾಕಿ ಎಂದು ನಾನು ರೆಡ್ಡಿಗಳನ್ನು ಬೇಡಿಕೊಂಡೆ. ಅವರು ಒಪ್ಪಲಿಲ್ಲ. ‘ಕೆಳಗಡೆ ಜಾಗ ಐತಲ್ಲ, ತಪ್ಪು ಅಂತ ಬರೀರಿ’ ಎಂದರು. ‘ಮೇಲೆ ಬರೆದದ್ದು ತಪ್ಪು’ ಎಂದು ಬರೆದು ರುಜು ಹಾಕಿದೆ. ಈ ಸಲ ಡಿಗ್ರಿ ಸೇರಿಸಲಿಲ್ಲ. ಗಾಜು ಬದಲಾಯಿಸುವವರೆಗೂ ಅದು ದೇವರ ಪಟದ ಪಕ್ಕದಲ್ಲೇ ಇತ್ತು.

ಪಿಳ್ಳಪ್ಪ ಮತ್ತೆ ಮುಖ ನೋಡಿ ಪಾಸು ಬಿಡತೊಡಗಿದ, ನನ್ನೊಬ್ಬನನ್ನು ಬಿಟ್ಟು. ‘ನಿಮ್ದು ತೋರಿಸಿ ಮೇಷ್ಟ್ರೇ’ ಎಂದು ದಿನಾ ಕೈ ನೀಡುತ್ತಿದ್ದ. ಹದಿನೈದು ವರ್ಷ ನೋಡದ ಪಾಸನ್ನು ತಿರುಗಿಸಿ ಮುರುಗಿಸಿ ನೋಡಿ, ಮುಖಕ್ಕೆ ಹೋಲಿಸಿ, ನಗುತ್ತ ವಾಪಸು ಕೊಡುತ್ತಿದ್ದ. ನಾನೂ ಸಂತೋಷದಿಂದಲೇ ತೋರಿಸುತ್ತಿದ್ದೆ. ಒಂದು ದಿನ ಮಾತ್ರ ಪಾಸು ಮನೆಯಲ್ಲೇ ಮರೆತು ಬಂದಿದ್ದೆ. ತುಂಬಿದ ಬಸ್ಸಿನಲ್ಲಿ ಜೇಬು ತಡಕಾಡುತ್ತ ಬೆವರುತ್ತಿದ್ದೆ. ಪಿಳ್ಳಪ್ಪ ನನ್ನ ಮುಖವನ್ನೇ ಒಂದು ನಿಮಿಷ ನೋಡಿ, ಎಲ್ಲರಿಗೂ ಕೇಳುವಂತೆ, ‘ಗುರುತು ಸಿಕ್ತು ಬಿಡಿ ಲಕ್ಷ್ಮೀದೇವಮ್ಮೋರೇ, ಕೂತ್ಕೊಳಿ’ ಎಂದ. ಡೈರಿಯ ಸುದ್ದಿ ಅವನವರೆಗೂ ಬಂದಿತ್ತು. ನಾನು ತಲೆಯೆತ್ತದೆ ಸಿಕ್ಕಿದ ಸೀಟಿನಲ್ಲಿ ಕೂತುಬಿಟ್ಟೆ. ಬಸ್ಸೆಲ್ಲ ಯಾಕೆ ಇನ್ನಷ್ಟು ನಗುತ್ತಿದೆಯೆಂದು ನೋಡಿದರೆ, ನಾನು ಕೂತದ್ದು ಹೆಂಗಸರ ಸೀಟಿನಲ್ಲಿ.