ಮುಟ್ಟಿದರೆ ಶಾಕ್ ಹೊಡೆಯದ ಕರೆಂಟು

ನಾನು ಡಿಪ್ಲೊಮಾ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಮಾಡುವವಳು. ಮನೆ ಚಿಕ್ಕಬಳ್ಳಾಪುರದಲ್ಲಿ, ವರ್ಗಾವಣೆಯ ಕೃಪೆಯಿಂದ ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಮೂರೂ ಊರಿನ ಬಸ್‌ಸ್ಟ್ಯಾಂಡಿನ ಕಾಫಿ ಕುಡಿದಾಗಿದೆ. ಈಚಿನ ವರ್ಷಗಳಲ್ಲಿ ಹುಡುಗರಿಗೆ ಕಂಪ್ಯೂಟರಿನಲ್ಲೇ ಸರ್ಕ್ಯೂಟ್ ಕಟ್ಟುವುದನ್ನು ಕಲಿಸುತ್ತಿದ್ದೇನೆ. ಅದಕ್ಕೆ ಸಿಮ್ಯುಲೇಟರ್ ಅಂತ ಒಂದು ಸಾಫ್ಟ್‌ವೇರ್ ಇದೆ. ತೆರೆಯ ಮೇಲೆ ಬ್ಯಾಟರಿ, ಬಲ್ಬು, ವೈರು ಎಲ್ಲ ಬರೆದು ‘ರನ್’ ಒತ್ತಿದರೆ ಎಲ್ಲೆಲ್ಲಿ ಎಷ್ಟೆಷ್ಟು ಕರೆಂಟು ಹರಿಯುತ್ತದೆ ಅಂತ ಅದೇ ಲೆಕ್ಕ ಹಾಕಿ ತೋರಿಸುತ್ತದೆ. ಏನೂ ಸುಡುವುದಿಲ್ಲ, ಯಾರಿಗೂ ಶಾಕ್ ಹೊಡೆಯುವುದಿಲ್ಲ. ಇಂಥದರಿಂದ ಏನು ಅನಾಹುತ ಆದೀತು ಅಂತ ನೀವು ಕೇಳಬಹುದು. ಮೊದಮೊದಲು ನಾನೂ ಹಾಗೇ ಕೇಳುತ್ತಿದ್ದೆ.

ಬ್ರೆಜಿಲ್‌ನವರಿಗೆ ಊಟ

ಗೌರಿಬಿದನೂರಿನಲ್ಲಿದ್ದಾಗಿನ ಮಾತು. ಅಲ್ಲಿನ ನಮ್ಮ ಪ್ರಿನ್ಸಿಪಾಲರು ಬಹಳ ಜಾಗರೂಕ ಮನುಷ್ಯ. ಬೋರ್ಡ್ ಒರೆಸುವ ಡಸ್ಟರನ್ನೂ ಬೀರುವಿನಲ್ಲಿಟ್ಟು ಬೀಗ ಹಾಕುವವರು. ಲ್ಯಾಬಿನ ಹಳೇ ಸಾಫ್ಟ್‌ವೇರಿನ ಲೈಸೆನ್ಸ್ ಮುಗಿದು ಹುಡುಗರು ಸುಮ್ಮನೆ ಕೂತಿದ್ದರು. ಪರೀಕ್ಷೆ ಬೇರೆ ಹತ್ತಿರ ಬಂದಿತ್ತು. ನಾನು ಧೈರ್ಯ ಮಾಡಿ ಅವರ ರೂಮಿಗೆ ಹೋದೆ.

“ಸಾರ್, ಓಪನ್ ಸೋರ್ಸ್ ಅಂತ ಒಂದಿದೆ. ದುಡ್ಡು ಕೊಡಬೇಕಾಗಿಲ್ಲ. ಅದರ ಒಳಗೆ ಏನಿದೆ ಅಂತ ಯಾರು ಬೇಕಾದ್ರೂ ಬಿಚ್ಚಿ ನೋಡಬಹುದು, ತಿದ್ದಲೂಬಹುದು.”

“ಯಾರು ಬೇಕಾದ್ರೂನಾ?” ಅವರ ಕೈ ತಾನಾಗಿ ಬೀಗದ ಕೈ ಗೊಂಚಲಿನ ಮೇಲೆ ಹೋಯಿತು. “ಕೆಟ್ಟುಹೋದ್ರೆ ಯಾರಮ್ಮ ರಿಪೇರಿ ಮಾಡೋರು?”

“ಇಂಟರ್‌ನೆಟ್ಟಿನಲ್ಲಿ ಕೇಳಿದ್ರೆ ಅದನ್ನ ಬಳಸೋರೇ ಯಾರಾದ್ರೂ ಉತ್ತರ ಕೊಡ್ತಾರೆ ಸಾರ್. ಮೊನ್ನೆ ನಾನೊಂದು ತೊಂದರೆ ಕೇಳಿದ್ದೆ. ಬ್ರೆಜಿಲ್‌ನವರೊಬ್ಬರು ಕೂತು ಪೂರ್ತಿ ಬಿಡಿಸಿ ಹೇಳಿಕೊಟ್ರು.”

“ಏನ್ ತಗೊಂಡ್ರು?”

“ಏನೂ ಇಲ್ಲ ಸಾರ್.”

“ನಿಮ್ಮ ಕಡೆಯೋರಾ?”

“ಇಲ್ಲ ಸಾರ್, ಪರಿಚಯಾನೇ ಇಲ್ಲ.”

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಫ್ಯಾನು ನೋಡಿದರು. ಕೆಲಸ ಕೆಟ್ಟಿತು ಅಂದುಕೊಂಡೆ. ಆಮೇಲೆ ನಿಧಾನಕ್ಕೆ “ಸರಿ, ಹಾಕ್ಕೊಳ್ಳಿ” ಅಂದರು. ಮನಸ್ಸು ಬದಲಾಯಿಸುವ ಮೊದಲೇ ಹೊರಗೆ ಹೋಗೋಣ ಅಂತ ಬಾಗಿಲು ದಾಟುತ್ತಿದ್ದೆ, ಹಿಂದಿನಿಂದ ಕರೆದರು.

“ಮೇಡಂ, ಆ ಬ್ರೆಜಿಲ್‌ನವರು ಬರೋದಿದ್ರೆ ಒಂದಿನ ಮುಂಚೆ ಹೇಳಿ. ಹಿಂದೂಪುರದ ಟ್ರೇನಿಗೆ ಬಂದ್ರೆ ಸ್ಟೇಷನ್ನಿಗೆ ನಾನೇ ಗಾಡಿ ತರ್ತೀನಿ. ಪುಕ್ಕಟೆ ಕೆಲಸ ಮಾಡ್ಕೊಟ್ಟೋರಿಗೆ ಒಂದು ಊಟ ಆದ್ರೂ ಹಾಕಬೇಡ್ವಾ?”

ಭೂಮಿ ಇಲ್ಲದ ಮನೆ

ಈ ಸಾಫ್ಟ್‌ವೇರಿಗೆ ಒಂದು ಹಟ ಇದೆ. ಯಾವ ಸರ್ಕ್ಯೂಟ್ ಬರೆದರೂ ಒಂದು ಕಡೆ ‘ಗ್ರೌಂಡ್’, ಅಂದರೆ ಭೂಮಿಯ ಗುರುತು ಹಾಕಲೇಬೇಕು. ಅಲ್ಲಿಂದಲೇ ಅದು ವೋಲ್ಟೇಜ್ ಅಳೆಯಲು ಶುರು ಮಾಡುವುದು. ಹಾಕದಿದ್ದರೆ ಗ್ರೌಂಡ್ ಇಲ್ಲ ಅಂತ ಕೆಂಪಕ್ಷರದಲ್ಲಿ ಬರೆದು ಮುಷ್ಕರ ಹೂಡುತ್ತದೆ.

ಚಿಂತಾಮಣಿಯಲ್ಲಿ ನನ್ನ ವಿದ್ಯಾರ್ಥಿನಿಯೊಬ್ಬಳು ಅಂಬಾಜಿದುರ್ಗದ ಕಡೆಯವಳು. ಒಂದು ಭಾನುವಾರ ಅವಳ ಅಕ್ಕನನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು. ಇವಳ ಬಾಯಿ ಜೋರು ಅಂತ ಗೊತ್ತಿದ್ದ ಅವರಮ್ಮ “ನೀನು ಒಳಗಡೆ ಕೂತು ಓದ್ಕೋ ಕಣೇ, ಈಚೆ ಬರಬೇಡ” ಅಂತ ರೂಮಿಗೆ ಕಳಿಸಿದ್ದರು. ಇವಳು ವಿಧೇಯಳಾಗಿ ಲ್ಯಾಪ್‌ಟಾಪ್ ತೆಗೆದು ನನಗೆ ಫೋನ್ ಮಾಡಿದಳು. ಸಿಗ್ನಲ್ ಸರಿ ಇರಲಿಲ್ಲ. ಹಾಗಾಗಿ ಕೂಗಿದಳು.

“ಮೇಡಂ, ಗ್ರೌಂಡ್ ಇಲ್ವಂತೆ!”

“ಸರಿಯಾಗಿ ನೋಡಮ್ಮ, ಇರುತ್ತೆ,” ಅಂದೆ.

“ಎಲ್ಲಾ ಕಡೆ ಹುಡುಕಿದೆ ಮೇಡಂ, ಎಲ್ಲೂ ಇಲ್ಲ! ಅದಕ್ಕೇ ನಮ್ಮದು ಏನೂ ನಡೀತಾನೇ ಇಲ್ಲ!”

ಹಜಾರದಲ್ಲಿ ಆಗ ಅವರಪ್ಪ ಬೆಟ್ಟದ ಕೆಳಗಿನ ತಮ್ಮ ಜಮೀನಿನ ವಿಚಾರವನ್ನೇ ಹೇಳುತ್ತಿದ್ದರಂತೆ. ಗಂಡಿನ ಸೋದರಮಾವ ಕೇಸರಿಬಾತಿನ ತಟ್ಟೆ ಕೆಳಗಿಟ್ಟು, “ಏನ್ರೀ ಇದು, ಮಗು ಏನೋ ಬೇರೆ ಹೇಳ್ತಿದೆ?” ಅಂದರಂತೆ. ಒಳಗಿದ್ದ ಅಕ್ಕ ಅಳುವುದೊಂದು ಬಾಕಿ.

ಪುಣ್ಯಕ್ಕೆ ಹುಡುಗ ಕಾರ್ಖಾನೆಯೊಂದರಲ್ಲಿ ಯಂತ್ರಗಳ ವೈರಿಂಗ್ ನೋಡಿಕೊಳ್ಳುವವನು. ಅವನಿಗೆ ತಕ್ಷಣ ಅರ್ಥವಾಗಿ, ಹೊಟ್ಟೆ ಹಿಡಿದುಕೊಂಡು ನಕ್ಕು, ಮಾವನಿಗೂ ಬಿಡಿಸಿ ಹೇಳಿದ. ಎಲ್ಲರೂ ನಕ್ಕರು. ತಟ್ಟೆ ಮತ್ತೆ ಕೈಗೆ ಬಂತು. ಅದೇ ಮನೆಗೆ ಅಕ್ಕನ ಮದುವೆಯೂ ಆಯಿತು ಅನ್ನಿ. ಆದರೆ ಆವತ್ತು ಅವರಜ್ಜಿಗೆ ಮಾತ್ರ ಸಮಾಧಾನ ಆಗಲಿಲ್ಲ. ಅವರು ರೂಮಿಗೆ ನುಗ್ಗಿದ್ದು ನನಗೆ ಫೋನಿನಲ್ಲೇ ಕೇಳಿಸಿತು.

“ಯಾವನೇ ಅವನು, ನಮಗೆ ಭೂಮಿ ಇಲ್ಲ ಅಂದೋನು?”

“ಯಾರೂ ಅಲ್ಲ ಅಜ್ಜಿ, ಕಂಪ್ಯೂಟರ್ರು.”

“ಅದಕ್ಕೇನೇ ಗೊತ್ತು? ಪಹಣಿ ತೆಗೆದು ತೋರಿಸು ಅದಕ್ಕೆ!”

ದೊಡ್ಡ ಎಮ್ಮು, ಚಿಕ್ಕ ಎಮ್ಮು

ಒಬ್ಬ ಹುಡುಗ ತೆರೆ ತೋರಿಸಿ ಹೆಮ್ಮೆಯಿಂದ ನಿಂತಿದ್ದ. ಆಟದ ಸಾಮಾನಿಗೆ ಹಾಕುವಂಥ ಪುಟ್ಟ ಬ್ಯಾಟರಿಯಿಂದ ಇಡೀ ತಾಲ್ಲೂಕಿನ ಪಂಪ್‌ಸೆಟ್ಟುಗಳು ಓಡುವಷ್ಟು ಕರೆಂಟು ಬರುತ್ತಿತ್ತು. ನೋಡಿದರೆ ಅವನು ಕರೆಂಟನ್ನು ತಡೆಯುವ ಮೆಗಾ ಓಮ್ ಅನ್ನುವ ದೊಡ್ಡ ಅಳತೆಗೆ ಬರೀ ಎಮ್ ಅಕ್ಷರ ಹಾಕಿದ್ದ. ಈ ಸಾಫ್ಟ್‌ವೇರಿಗೆ ಎಮ್ ಅಂದರೆ ಮಿಲಿ, ಬಹಳ ಚಿಕ್ಕದು. ದೊಡ್ಡ ತಡೆಗೋಡೆ ಇರಬೇಕಾದ ಕಡೆ ಏನೂ ಇಲ್ಲದ ಹಾಗಾಗಿ ಕರೆಂಟು ನುಗ್ಗುತ್ತಿತ್ತು.

“ಮೇಡಂ, ನಾನು ದೊಡ್ಡ ಎಮ್ಮೇ ಹಾಕಿದೀನಲ್ಲ?”

“ದೊಡ್ಡದು ಬರೆದರೂ ಅದು ಚಿಕ್ಕದು ಅಂತಲೇ ಓದ್ಕೊಳ್ಳುತ್ತೆ ಕಣಪ್ಪ. ಮೆಗಾ ಬೇಕಾದ್ರೆ ಎಮ್, ಇ, ಜಿ ಅಂತ ಮೂರಕ್ಷರ ಹಾಕಬೇಕು.”

ಇದನ್ನು ನೆನಪಿಟ್ಟುಕೊಳ್ಳುವುದು ಹೇಗೆ ಅಂತ ನಾನು ಇನ್ನೂ ಯೋಚಿಸುತ್ತಿದ್ದೆ. ಅವನು ತಲೆ ಆಡಿಸಿದ. “ಅರ್ಥ ಆಯ್ತು ಮೇಡಂ. ನಮ್ಮನೇಲೂ ಹಂಗೇ. ದೊಡ್ಡಪ್ಪ ಅಂತ ಕರೀತೀವಿ, ದೊಡ್ಡಮ್ಮನ ಮುಂದೆ ಚಿಕ್ಕೋರೇ.”

ಅಂದುಕೊಳ್ಳುವ ಫ್ಯಾನು

ಶಿಡ್ಲಘಟ್ಟಕ್ಕೆ ಬಂದ ಮೇಲೆ ರೇಷ್ಮೆ ಬಿಟ್ಟು ಬೇರೆ ಪ್ರಾಜೆಕ್ಟ್ ಇಲ್ಲ. ಕೆಂಚಾರ್ಲಹಳ್ಳಿಯ ಹುಡುಗನೊಬ್ಬ ಹುಳು ಸಾಕುವ ಮನೆಯಲ್ಲಿ ಸೆಕೆ ಜಾಸ್ತಿಯಾದರೆ ತಾನಾಗಿ ಫ್ಯಾನ್ ತಿರುಗುವ ಸರ್ಕ್ಯೂಟ್ ಮಾಡಿದ್ದ. ಅವರ ಮನೆಯಲ್ಲಿ ಒಮ್ಮೆ ಸೆಕೆಗೆ ಒಂದು ಬೆಳೆ ಪೂರ್ತಿ ಹಾಳಾಗಿತ್ತಂತೆ. ಹಾಗಾಗಿ ಬಹಳ ಶ್ರದ್ಧೆಯಿಂದ ಮಾಡಿದ್ದ.

ಪೋಷಕರ ಸಭೆಯ ದಿನ ಅವನ ತಾಯಿ ಬಂದರು. ಕೈಯಲ್ಲಿ ಬುತ್ತಿ. ಮಗ ಕುರ್ಚಿ ಎಳೆದು ಕೂರಿಸಿ ರನ್ ಒತ್ತಿದ. ತೆರೆಯ ಮೇಲೆ ಗೆರೆಯೊಂದು ಮೇಲೇರಿತು.

“ನೋಡಮ್ಮ, ಈಗ ಸೆಕೆ ಜಾಸ್ತಿ ಆಯ್ತು. ಈಗ ಫ್ಯಾನ್ ತಿರುಗ್ತಾ ಇದೆ.”

“ಎಲ್ಲೋ ಫ್ಯಾನು?”

“ಇದೇ ಗೆರೆ. ಇದನ್ನೇ ಫ್ಯಾನ್ ಅಂದ್ಕೋಬೇಕು.”

“ಹುಳ?”

“ಹುಳಾನೂ ಅಂದ್ಕೋಬೇಕಮ್ಮ.”

ಅವರು ಗಂಭೀರವಾಗಿ ತಲೆದೂಗಿದರು. ಆ ಗೆರೆಯನ್ನು ಬೆರಳಿನಿಂದ ಒಮ್ಮೆ ಮುಟ್ಟಿ ನೋಡಿದರು. ಮಗನ ಮೇಲಿನ ಹೆಮ್ಮೆಗೆ ಕಣ್ಣು ಒದ್ದೆಯಾಗಿತ್ತು; ಅದು ನನಗೆ ಚೆನ್ನಾಗಿ ಕಂಡಿತು. ಅಷ್ಟರಲ್ಲಿ ಮಗ ಬುತ್ತಿಗೆ ಕೈ ಹಾಕಿ, “ಹೊಟ್ಟೆ ಹಸೀತಿದೆಯಮ್ಮ, ಏನ್ ತಂದಿದೀಯ?” ಅಂದ.

ತಾಯಿ ಬುತ್ತಿಯನ್ನು ಸೆರಗಿನೊಳಗೆ ಎಳೆದುಕೊಂಡರು. “ಮುದ್ದೆ, ಬಸ್ಸಾರು. ಉಂಡೆ ಅಂದ್ಕೋಪ್ಪ.”

ಉದ್ಘಾಟನೆ

ಕೊನೆಯದು ಚಿಂತಾಮಣಿಯಲ್ಲಿ ನಮ್ಮ ಸಿಮ್ಯುಲೇಷನ್ ಲ್ಯಾಬ್ ಉದ್ಘಾಟನೆಯಾದ ದಿನದ್ದು. ಮುಖ್ಯ ಅತಿಥಿ ನಿವೃತ್ತ ಹೈಸ್ಕೂಲ್ ಹೆಡ್‌ಮಾಸ್ಟರು. ಅರ್ಧ ಊರಿಗೆ ಪಾಠ ಹೇಳಿದವರು. ಸುಳ್ಳು ಹೇಳಿದವರನ್ನು ಬೆಂಚಿನ ಮೇಲೆ ನಿಲ್ಲಿಸಿ, ನಿಜ ಹೇಳಿದವರನ್ನು ಕೂರಿಸುತ್ತಿದ್ದವರು ಅಂತ ಹೆಸರು. ದೀಪ ಹಚ್ಚುವ ಬದಲು ಅವರು ರನ್ ಗುಂಡಿ ಒತ್ತಬೇಕು ಅಂತ ಹುಡುಗರು ಏರ್ಪಾಟು ಮಾಡಿದ್ದರು.

ತೆರೆಯ ಮೇಲೆ ಒಂದು ಟ್ರಾನ್ಸ್‌ಫಾರ್ಮರ್, ಅದರಿಂದ ಸಾಲಾಗಿ ಮನೆಗಳು. ಒತ್ತಿದ ಸ್ವಲ್ಪ ಹೊತ್ತಿಗೆ ಶಾರ್ಟ್ ಸರ್ಕ್ಯೂಟ್ ಆಗಿ ಎಲ್ಲ ಮನೆಯ ದೀಪವೂ ಆರುವುದನ್ನು ತೋರಿಸುವುದು ನಮ್ಮ ಉದ್ದೇಶ. ಹುಡುಗರು ಉತ್ಸಾಹದಲ್ಲಿ ಅದರ ಮೇಲೆ ದಪ್ಪಕ್ಷರದಲ್ಲಿ ‘ಚಿಂತಾಮಣಿ ಟೌನ್’ ಅಂತ ಬರೆದಿದ್ದರು.

ಮೇಷ್ಟ್ರು ಕಂಪ್ಯೂಟರಿನ ಮುಂದೆ ಕೂತು ಬೆರಳು ಎತ್ತಿ ನಿಲ್ಲಿಸಿಕೊಂಡರು. “ಒತ್ತಿದ್ರೆ ಏನೂ ಆಗಲ್ಲ ತಾನೇನಮ್ಮಾ?”

“ಏನೂ ಆಗಲ್ಲ ಸಾರ್. ಇದು ಬರೀ ಲೆಕ್ಕದ ಕರೆಂಟು.”

ಒತ್ತಿದರು. ತೆರೆಯ ಮೇಲಿನ ಮನೆಗಳು ಒಂದೊಂದಾಗಿ ಆರಿದವು. ಚಪ್ಪಾಳೆ ಶುರುವಾಗಬೇಕು, ಅಷ್ಟರಲ್ಲಿ ನಮ್ಮ ತಲೆಯ ಮೇಲಿನ ಫ್ಯಾನು ನಿಂತಿತು. ಟ್ಯೂಬ್‌ಲೈಟು ಹೋಯಿತು. ಮೈಕು ಸತ್ತಿತು. ರಸ್ತೆಯಾಚೆ ಜ್ಯೂಸ್ ಅಂಗಡಿಯ ಮಿಕ್ಸಿ ಗೊರಗೊರ ಅಂದು ಸುಮ್ಮನಾಯಿತು. ಬ್ಯಾಟರಿಯ ಮೇಲೆ ನಡೆಯುತ್ತಿದ್ದ ನಮ್ಮ ಕಂಪ್ಯೂಟರ್ ಮಾತ್ರ ‘ಚಿಂತಾಮಣಿ ಟೌನ್’ ಅಂತ ತೋರಿಸುತ್ತ ಬೆಳಗುತ್ತಿತ್ತು.

“ಅಯ್ಯೋ, ಏಮೈಂದಮ್ಮಾ? ಏನಾಯ್ತು?” ಮೇಷ್ಟ್ರಿಗೆ ಗಾಬರಿಯಲ್ಲಿ ತೆಲುಗು ಬಂತು. ಬೆರಳು ಇನ್ನೂ ಗುಂಡಿಯ ಮೇಲೇ ಇತ್ತು.

“ಕಾಕತಾಳೀಯ ಸಾರ್. ದಿನಾ ಒಂದ್ಸಲ ಹೋಗುತ್ತೆ.”

“ಊರ ಹೆಸರು ಬರೆದಿದೆಯಲ್ಲಮ್ಮಾ! ಆಸ್ಪತ್ರೆಲಿ ಯಾರಿಗಾದ್ರೂ ಆಪರೇಷನ್ ನಡೀತಿದ್ರೆ?”

ನಾನು ಹೇಳಿದ್ದು, ಹುಡುಗರು ಹೇಳಿದ್ದು ಯಾವುದೂ ಅವರ ಕಿವಿಗೆ ಹೋಗಲಿಲ್ಲ. ಬೆವರು ಒರೆಸಿಕೊಂಡು ಮೊಬೈಲ್ ತೆಗೆದರು. ಲೈನ್‌ಮನ್ ಅವರ ಹಳೇ ಶಿಷ್ಯ. ಕಿವಿ ಸ್ವಲ್ಪ ಮಂದವಾದ್ದರಿಂದ ಅವರು ಯಾವಾಗಲೂ ಸ್ಪೀಕರ್ ಹಾಕಿಯೇ ಮಾತಾಡುವುದು. ಶಿಷ್ಯನ ಮಾತು ಇಡೀ ಸಭೆಗೆ ಕೇಳಿಸಿತು.

“ನಮಸ್ಕಾರ ಮೇಷ್ಟ್ರೇ! ಕರೆಂಟ್ ಹೋಗಿದ್ದಕ್ಕೆ ತಾನೇ? ಗೊತ್ತಾಯ್ತು, ಕಾಲೇಜ್ ಹತ್ರಾನೇ ಇದೀನಿ. ಒಂದು ಮುದಿ ಕೋತಿ ಸಾರ್, ಎಲ್ಲಿ ಕೈ ಇಡಬಾರ್ದೋ ಅಲ್ಲೇ ಇಟ್ಟುಬಿಟ್ಟಿದೆ.”

ಮೇಷ್ಟ್ರು ಎದ್ದು ನಿಂತರು. ಶರ್ಟಿನ ಗುಂಡಿ ಸರಿ ಮಾಡಿಕೊಂಡರು.

“ಅದು ಕೋತಿ ಅಲ್ಲಪ್ಪಾ,” ಅಂದರು, “ನಾನು.”